ಕಾರಿನಿಂದ ಇಳಿಯದ ಗೆಳೆಯ

ನಮಸ್ಕಾರ,

ಸಿನಿಮಾಗಳಲ್ಲಿ ಯಶಸ್ಸು ಸ್ನೇಹವನ್ನು ಹೇಗೆ ಕೆಡಿಸುತ್ತದೆ ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಪಕ್ಕಕ್ಕಿಡಲೂ ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂಬತ್ತು ಸಿನಿಮಾ ತುರುಕಿದ್ದೀರಿ. ಒಂದೊಂದಕ್ಕೂ ನಾಲ್ಕು ಸಾಲು ಕಥೆ, ಕೊನೆಗೆ ‘ಹಣ ಬಂದರೆ ಮನುಷ್ಯ ಬದಲಾಗುತ್ತಾನೆ’ ಅನ್ನುವ ಮಾತು. ಇದು ಓದುವವರಿಗೆ ಗೊತ್ತಿಲ್ವಾ? ‘ಅಭಿಮಾನ್’ (1973) ಹೆಂಡತಿಯ ಹಾಡಿಗೆ ಹೆಸರು ಬಂದಾಗ ಗಾಯಕ ಗಂಡ ಹೊಟ್ಟೆಕಿಚ್ಚು ಪಡುವ ಕಥೆ. ಗೆಳೆಯರ ಪಟ್ಟಿಗೆ ಅದು ಹೇಗೆ ಬಂತು? ಸಂಖ್ಯೆ ಜಾಸ್ತಿ ಕಾಣಲಿ ಅಂತ ಸುಮ್ನೆ ಸೇರಿಸಿದ ಹಾಗಿದೆ.

ಎಂಟನ್ನು ಬಿಡಿ. ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ಒಂದನ್ನೇ ಇಟ್ಟುಕೊಳ್ಳಿ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಸ್ಟಾರ್ ಆದ ಮೇಲೆ ಅರವಿಂದ ಹಳೇ ಗೆಳೆಯನನ್ನು ಮರೆತ’. ಮರೆತನಾ? ಇನ್ನೊಂದು ಸಲ ನೋಡಿ. ಉತ್ತಮ್ ಕುಮಾರ್ ಮಾಡಿರುವ ಆ ನಟ ಪ್ರಶಸ್ತಿ ತೆಗೆದುಕೊಳ್ಳಲು ರೈಲಿನಲ್ಲಿ ದೆಹಲಿಗೆ ಹೊರಟಿದ್ದಾನೆ, ದಾರಿಯುದ್ದಕ್ಕೂ ಅವನನ್ನು ಕಾಡುವುದೇ ಹಳೇ ಮುಖಗಳು. ಗೆಳೆಯ ಬೀರೇಶ್ ಕಾರ್ಮಿಕರ ಹೋರಾಟದಲ್ಲಿರುವವನು. ಒಂದು ದಿನ ಇವನನ್ನು ಮುಷ್ಕರ ನಡೆಯುತ್ತಿರುವ ಜಾಗಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿ, ಅವರ ಮುಂದೆ ಎರಡು ಮಾತಾಡು ಅನ್ನುತ್ತಾನೆ. ಇವನು ಒಪ್ಪುವುದಿಲ್ಲ. ಅಷ್ಟೇ. ಮೋಸವಿಲ್ಲ, ಬೆನ್ನಿಗೆ ಚೂರಿಯಿಲ್ಲ. ಮುಖವೇ ಅವನ ಬಂಡವಾಳ, ಆ ಮುಖವನ್ನು ಮುಷ್ಕರದವರ ಪಕ್ಕ ನಿಲ್ಲಿಸಿದರೆ ನಾಳೆ ಟಿಕೆಟ್ ಕೊಳ್ಳುವವರು ಏನಂದುಕೊಳ್ಳುತ್ತಾರೋ ಅನ್ನುವ ಭಯ, ಗೆಳೆತನಕ್ಕಿಂತ ಒಂದು ಗುಲಗಂಜಿ ಹೆಚ್ಚು ತೂಗಿತು. ಇನ್ನೊಂದನ್ನೂ ಗಮನಿಸಿ. ಅವನು ಸ್ಟಾರ್ ಆಗಿರದಿದ್ದರೆ ಬೀರೇಶ್ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದನಾ? ಅವನಿಗೂ ಬೇಕಾಗಿದ್ದು ಆ ಮುಖವೇ ಅಲ್ವಾ?

ಅದೇ ಸಿನಿಮಾದ ಹಿರಿಯ ನಟ ಮುಕುಂದ ಲಾಹಿರಿಯ ಪಾತ್ರವನ್ನು ನೀವು ಮುಟ್ಟಿಯೇ ಇಲ್ಲ. ಈ ಸ್ಟಾರ್ ಹೊಸಬನಾಗಿದ್ದಾಗ ಸೆಟ್‌ನಲ್ಲಿ ಇವನನ್ನು ಹೀಯಾಳಿಸಿದವನು, ಆಮೇಲೆ ತನ್ನ ಕಾಲ ಮುಗಿದು ಸಣ್ಣ ಪಾತ್ರ ಕೇಳಿಕೊಂಡು ಬರುತ್ತಾನೆ. ಸ್ವಭಾವ ಹೊರಬೀಳುವುದು ಇಂಥಲ್ಲಿ. ಸ್ಟಾರ್ ನೋಟಿನ ರಾಶಿಯಲ್ಲಿ ಮುಳುಗುವ ಕನಸಿನ ದೃಶ್ಯದ ಬಗ್ಗೆ ಎಲ್ಲರೂ ಬರೆದಾಗಿದೆ, ನೀವು ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ.

ಈಗ ನಿಜವಾದ ವಿಷಯ. ಐದನೇ ಪುಟದಲ್ಲಿ ಆವರಣದೊಳಗೆ ಒಂದು ಪ್ಯಾರಾ ಇದೆ: ನಿಮ್ಮ ರೂಮ್‌ಮೇಟ್‌ಗೆ ಸೀರಿಯಲ್‌ನಲ್ಲಿ ಪಾತ್ರ ಸಿಕ್ಕಿದ್ದು, ಮೂರು ತಿಂಗಳಲ್ಲಿ ರೂಮ್ ಬಿಟ್ಟಿದ್ದು, ಅವನ ಹಳೇ ಚಪ್ಪಲಿ ಬಾಗಿಲ ಹತ್ತಿರವೇ ಉಳಿದಿದ್ದು, ನೀವು ಫೋನ್ ಮಾಡಿದರೆ ಎತ್ತದೇ ಇದ್ದಿದ್ದು. ಇಡೀ ಲೇಖನದಲ್ಲಿ ಉಸಿರಾಡುವುದು ಇದೊಂದೇ. ಇದನ್ನು ಆವರಣದಲ್ಲಿ ಯಾಕೆ ಬಚ್ಚಿಟ್ಟಿರಿ? ಬೇರೆಯದೆಲ್ಲ ಹರಿದುಹಾಕಿ ಇಲ್ಲಿಂದ ಶುರು ಮಾಡಿ.

ಆದರೆ ಇಲ್ಲೂ ಒಂದು ತಕರಾರಿದೆ. ಅವನು ಪೂರ್ತಿ ಕೆಟ್ಟವನು, ನೀವು ಪೂರ್ತಿ ಪಾಪದವರು. ನನಗೆ ನಂಬಿಕೆ ಬರಲಿಲ್ಲ. ಆವತ್ತು ಯಾಕೆ ಫೋನ್ ಮಾಡಿದ್ದಿರಿ? ಹೇಗಿದ್ದೀಯಾ ಅಂತ ಕೇಳೋಕಾ, ಅಥವಾ ನೀವು ಬರೆದ ಕಥೆಯನ್ನು ಅವನ ಡೈರೆಕ್ಟರ್ ಕೈಗೆ ಮುಟ್ಟಿಸೋಕಾ? ಎರಡನೆಯದಾಗಿದ್ದರೆ ಅದನ್ನೂ ಬರೆಯಿರಿ, ನಾಚಿಕೆ ಆದರೂ ಪರವಾಗಿಲ್ಲ. ಆಗ ಬೀರೇಶನ ಪಕ್ಕ ನೀವೂ ಕೂತಿರುತ್ತೀರಿ, ಆ ಸಿನಿಮಾ ಮಾತು ತಾನಾಗಿ ಬರುತ್ತದೆ.

ಎಂಟುನೂರು ಪದ ಸಾಕು. ಗೆಳೆಯನ ಹೆಸರು, ಸೀರಿಯಲ್ ಹೆಸರು ಬೇಡ. ಮತ್ತೆ, ‘ನಾಯಕ್’ ಹೀರೋ ಅರಿಂದಮ್, ಅರವಿಂದ ಅಲ್ಲ. ಮೂರು ಕಡೆ ತಪ್ಪಿದೆ.