ಅಭ್ಯಾಸದಲ್ಲಿ ಚೆನ್ನಾಗಿ ಆಡುವ ಮಗು, ಅಪ್ಪ-ಅಮ್ಮ ನೋಡುತ್ತಿರುವಾಗ ಪಂದ್ಯದಲ್ಲಿ ಎಡವುವುದೇಕೆ?

ಹೆತ್ತವರು ಎದುರಿಗೆ ಕುಳಿತಿರುವುದಷ್ಟೇ ಇದಕ್ಕೆ ಕಾರಣವಲ್ಲ. ಅವರ ಮೆಚ್ಚುಗೆ ಪಂದ್ಯದ ಫಲಿತಾಂಶವನ್ನೇ ಅವಲಂಬಿಸಿದೆ ಎಂದು ಮಗುವಿಗೆ ಅನಿಸಿದಾಗ ಆಟ ಕೆಡುತ್ತದೆ.

ವರ್ಷಗಟ್ಟಲೆ ಅಭ್ಯಾಸದಿಂದ ಕೈಗೂಡಿದ ಸರ್ವ್ ಅಥವಾ ಸ್ಮ್ಯಾಶ್ ಹೆಚ್ಚು ಯೋಚಿಸದೆಯೇ ತಾನಾಗಿ ನಡೆಯುತ್ತದೆ. ಸೋತರೆ ಅಪ್ಪ ಏನೆಂದಾರು ಎಂಬ ಭಯ ಹೊಕ್ಕೊಡನೆ ಮಗು ತನ್ನ ಮಣಿಕಟ್ಟನ್ನೂ ಹೆಜ್ಜೆಗಳನ್ನೂ ತಾನೇ ಗಮನಿಸಿ ತಿದ್ದತೊಡಗುತ್ತದೆ. ಆ ಅತಿಯಾದ ಎಚ್ಚರವೇ ಚಲನೆಯ ಲಯವನ್ನು ಮುರಿಯುತ್ತದೆ. ಬೆಂಗಳೂರಿನ ಕಿರಿಯರ ಬ್ಯಾಡ್ಮಿಂಟನ್ ಪಂದ್ಯಾವಳಿಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಪಾಯಿಂಟ್ ಕಳೆದುಕೊಂಡ ಹುಡುಗಿ ಕೋಚ್ ಕಡೆಗಲ್ಲ, ಮೊದಲು ಗ್ಯಾಲರಿಯಲ್ಲಿರುವ ಅಮ್ಮನ ಮುಖದತ್ತ ನೋಡುತ್ತಾಳೆ, ಅಲ್ಲಿ ಹುಬ್ಬು ಗಂಟಿಕ್ಕಿದ್ದರೆ ಮುಂದಿನ ಸರ್ವ್ ನೆಟ್‌ಗೆ ಬೀಳುತ್ತದೆ.

ಹಾಗೆಂದು ಪೋಷಕರು ದೂರ ಉಳಿಯಬೇಕಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಅವರನ್ನು ಬ್ಯಾಡ್ಮಿಂಟನ್‌ಗೆ ಕರೆತಂದವರು ಅವರ ತಂದೆ ರಮೇಶ್ ಪಡುಕೋಣೆಯವರೇ. ಮುಂದೆ ಮಗಳು ದೀಪಿಕಾ ಆ ಆಟವನ್ನು ಬಿಟ್ಟು ಮಾಡೆಲಿಂಗ್ ಆಯ್ದುಕೊಂಡಾಗ ಪ್ರಕಾಶ್ ಒಪ್ಪಿದರು. ಆಡುವುದೂ ಬಿಡುವುದೂ ತನ್ನ ಆಯ್ಕೆ ಎಂದು ಬಲ್ಲ ಮಗುವಿಗೆ ಸೋಲು ಅಷ್ಟೊಂದು ಭಯ ಹುಟ್ಟಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ, ಗ್ಯಾಲರಿಯ ಕೂಗಾಟಕ್ಕಿಂತ ಹೆಚ್ಚು ಹಾನಿ ಮಾಡುವುದು ಪಂದ್ಯ ಮುಗಿದ ಮೇಲೆ ಕಾರಿನಲ್ಲಿ ನಡೆಯುವ ವಿಚಾರಣೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಮಗುವಿಗೆ ಎದ್ದುಹೋಗಲೂ ದಾರಿಯಿರುವುದಿಲ್ಲ. ತಪ್ಪುಗಳ ವಿಮರ್ಶೆಯನ್ನು ಮರುದಿನ ಕೋಚ್ ಮಾಡಲಿ. ನೀವು ಮೊದಲು ಹಸಿವಾಗಿದೆಯೇ ಎಂದು ಕೇಳಿ, ಪಂದ್ಯದ ಮಾತನ್ನು ಮಗುವೇ ಎತ್ತುವವರೆಗೂ ಕಾಯಿರಿ.