ಅತ್ತಿಗೆಯ ಸಾಸಿವೆ ಡಬ್ಬಿಯಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ 'ರಕ್ತಹೀನತೆ: ಅರಿವೇ ಮದ್ದು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲು ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲ ಎರಡು ಪುಟ ಹಿಮೋಗ್ಲೋಬಿನ್ ಎಂದರೇನು, ಸರ್ಕಾರದ ಯೋಜನೆಗಳು ಯಾವುವು ಎನ್ನುವುದರಲ್ಲೇ ಮುಗಿಯುತ್ತವೆ. ಆಮೇಲೆ 'ಹಳ್ಳಿ ಹೆಂಗಸರಲ್ಲಿ ಅರಿವು ಮೂಡಿಸಬೇಕು' ಎಂಬ ಮಾತು ಏಳು ಸಲ ಬರುತ್ತದೆ. ಇವುಗಳ ನಡುವೆ ಒಂದು ಸಾಲು ಇದೆ. ಬಸುರಿಯಾಗಿದ್ದಾಗ ನಿಮ್ಮ ಅತ್ತಿಗೆ, ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಕೆಂಪು ಮಾತ್ರೆಗಳನ್ನು ಹಳೆಯ ಸಾಸಿವೆ ಡಬ್ಬಿಗೆ ಹಾಕಿಡುತ್ತಿದ್ದರು. ಕೇಳಿದರೆ 'ನುಂಗ್ತಾ ಇದ್ದೀನಿ' ಅನ್ನುತ್ತಿದ್ದರು. ಅಷ್ಟು ಹೇಳಿ ನೀವು ಮುಂದೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ.

ಅತ್ತಿಗೆಗೆ ಅರಿವು ಇರಲಿಲ್ಲವೇ? ತಾಯಿ ಕಾರ್ಡಿನಲ್ಲಿ ಇರುವುದನ್ನೆಲ್ಲ ಬಾಯಿಪಾಠ ಹೇಳುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಗೊತ್ತಿತ್ತು, ಆದರೂ ನುಂಗಲಿಲ್ಲ. ಯಾಕೆ ಎನ್ನುವುದೇ ನಿಮ್ಮ ಲೇಖನ ಆಗಬೇಕಿತ್ತು, ಅಲ್ವಾ? ಅವರು ಒಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಬಸುರಿನಲ್ಲಿ 180 ದಿನ ಕಬ್ಬಿಣದ ಮಾತ್ರೆ ನುಂಗಿದ ತಾಯಂದಿರು ದೇಶದಲ್ಲಿ ನೂರಕ್ಕೆ 26 ಮಾತ್ರ. ಅದೇ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತ ಕಮ್ಮಿ.

ನನ್ನ ಅಕ್ಕನೂ ಹೀಗೇ ನಿಲ್ಲಿಸಿದ್ದಳು. ಮಾತ್ರೆ ಶುರು ಮಾಡಿದ ಕೆಲವೇ ದಿನಕ್ಕೆ ಮಲ ಕಪ್ಪಾಯಿತು. ಹೆದರಿಬಿಟ್ಟಳು. ಕಬ್ಬಿಣ ಒಳಗೆ ಹೋದರೆ ಹಾಗಾಗುವುದು ಸಹಜ, ತೊಂದರೆ ಏನೂ ಇಲ್ಲ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಇನ್ನು ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಮೊದಲೇ ವಾಂತಿಯಲ್ಲಿ ಸುಸ್ತಾದವರಿಗೆ ಅದು ಸಣ್ಣ ವಿಷಯವೇ? ರಾತ್ರಿ ಊಟ ಆದ ಮೇಲೆ ನುಂಗಿದರೆ ಎಷ್ಟೋ ವಾಸಿ. ಮಾತ್ರೆ ಉಷ್ಣ, ಮಗು ಕಪ್ಪಾಗುತ್ತೆ, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅನ್ನುವ ಮಾತುಗಳೂ ಮನೆಯಲ್ಲಿ ಓಡಾಡುತ್ತಿರುತ್ತವೆ. ನೀವು ಇದನ್ನೆಲ್ಲ 'ಮೂಢನಂಬಿಕೆ' ಎಂಬ ಒಂದೇ ಪದದಲ್ಲಿ ಕಟ್ಟಿಹಾಕಿದ್ದೀರಿ. ದಯವಿಟ್ಟು ಆ ಪದ ತೆಗೆಯಿರಿ. ಹೆರಿಗೆಯ ಭಯ ಸುಳ್ಳಲ್ಲ. ಆ ಭಯಕ್ಕೆ ಉತ್ತರ ಕೊಡದೆ 'ಮಾತ್ರೆ ನುಂಗಮ್ಮ' ಎಂದರೆ ಅವರು ತಲೆ ಆಡಿಸುತ್ತಾರೆ, ಮಾತ್ರೆ ಡಬ್ಬಿಗೆ ಹೋಗುತ್ತದೆ.

ಮಾತೃಪೂರ್ಣ ಯೋಜನೆಗೆ ನೀವು ಒಂದು ಸಾಲು ಕೊಟ್ಟಿದ್ದೀರಿ, ಅದೂ ಹೊಗಳಿಕೆ. ಅಲ್ಲಿ ಒಳ್ಳೆಯ ವಿಷಯ ಅಡಗಿದೆ. 2017ರ ಅಕ್ಟೋಬರ್ 2ರಂದು ರಾಜ್ಯದ ಎಲ್ಲ ಕಡೆ ಶುರುವಾದ ಈ ಯೋಜನೆಯಲ್ಲಿ ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು, ಊಟ ಆದ ಮೇಲೆ ಅಲ್ಲೇ ಮಾತ್ರೆ ನುಂಗಬೇಕು. ಇಲ್ಲಿ ಉಪದೇಶ ಜಾಸ್ತಿ ಇಲ್ಲ. ಮಾತ್ರೆ ನುಂಗುವ ಜಾಗ ಮತ್ತು ಹೊತ್ತು ಬದಲಾಯಿತು, ಅಷ್ಟೇ. ಆದರೆ ಮಲೆನಾಡಿನಲ್ಲಿ ತುಂಬು ಬಸುರಿ ಅಷ್ಟು ದೂರ ನಡೆದು ಬರುವುದು ಹೇಗೆ? ಕೂಲಿಗೆ ಹೋಗುವವರು ಮಧ್ಯಾಹ್ನ ಎದ್ದು ಬರುವುದು ಹೇಗೆ? ನಿಮ್ಮ ಊರಿನ ಅಂಗನವಾಡಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಿ. ಯಾರು ಬಂದರು ಅನ್ನುವುದಕ್ಕಿಂತ ಯಾರು ಬರಲಿಲ್ಲ ಎಂದು ಬರೆದುಕೊಳ್ಳಿ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಮಾತ್ರೆಯನ್ನು ಹಾಲಿನ ಜೊತೆ ನುಂಗಿ ಎಂದು ಬರೆದಿದ್ದೀರಿ. ಹಾಲಿನಲ್ಲಿರುವ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಟೀ, ಕಾಫಿಯೂ ಹಾಗೇ. ನಿಂಬೆಹಣ್ಣು, ನೆಲ್ಲಿಕಾಯಿ ಸಹಾಯ ಮಾಡುತ್ತವೆ. ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ, ಎರಡನ್ನೂ ಒಟ್ಟಿಗೆ ನುಂಗಬಾರದು. ಓದಿದವರು ಅದನ್ನೇ ಪಾಲಿಸುತ್ತಾರೆ, ಹಾಗಾಗಿ ಇಂಥ ಸಾಲನ್ನು ವೈದ್ಯರಿಗೆ ತೋರಿಸದೆ ಕಳಿಸಬೇಡಿ.

ಆಶಾ ಕಾರ್ಯಕರ್ತೆಯನ್ನೂ ಮಾತಾಡಿಸಿ. ನಿಮ್ಮ ಲೇಖನದಲ್ಲಿ ಅವರು ಮಾತ್ರೆ ಕೊಟ್ಟು ಹೋಗುವ ಕೈ ಮಾತ್ರ. 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು ಮನೆಮನೆಗೆ ಹೋಗಿ, ಭೇದಿಯಾದ ಮಕ್ಕಳಿಗೆ ಉಪ್ಪು ಬೆಲ್ಲದ ನೀರು ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ತಾಯಂದಿರು ಕಲಿತರು, ಆದರೆ ಬಳಸಿದವರು ಕಮ್ಮಿ. ಯಾಕೆಂದು ಹುಡುಕಿದಾಗ, ಕಲಿಸುವವರಲ್ಲೇ ಹಲವರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ ಎಂದು ಗೊತ್ತಾಯಿತು. ಗಂಡಸರನ್ನು ಹೊರಗಿಟ್ಟಿದ್ದೂ ತಪ್ಪಾಗಿತ್ತು. ಆಮೇಲೆ ಎರಡನ್ನೂ ಸರಿಮಾಡಿದರು. ಹಾಗಾಗಿ ಕೇಳುತ್ತೇನೆ: ನಿಮ್ಮ ಲೇಖನದಲ್ಲಿ ಅಣ್ಣ ಎಲ್ಲಿ? ಅತ್ತೆ ಎಲ್ಲಿ? ಆ ಆಶಾ ಕಾರ್ಯಕರ್ತೆ ತಾವು ಬಸುರಿಯಾಗಿದ್ದಾಗ ಮಾತ್ರೆ ನುಂಗಿದ್ದರೇ?

ನಿಮ್ಮ ಭಾಷೆ ಚೆನ್ನಾಗಿದೆ, ಅದರ ಬಗ್ಗೆ ಚಿಂತೆ ಬೇಡ. ಸಾಸಿವೆ ಡಬ್ಬಿಯ ಸಾಲನ್ನು ಬರೆದ ಕೈಯೇ ಉಳಿದದ್ದನ್ನೂ ಬರೆಯಲಿ. 900 ಪದ ಸಾಕು. ಬರೆಯುವ ಮೊದಲು ಅತ್ತಿಗೆಯ ಒಪ್ಪಿಗೆ ಕೇಳಿ, ಹೆಸರು ಬೇಡ. ಸಮಯ ಸಿಕ್ಕಾಗ ಅವರ ಪಕ್ಕ ಕೂತು, ಎಷ್ಟನೇ ದಿನಕ್ಕೆ ನಿಲ್ಲಿಸಿದಿರಿ, ಆ ದಿನ ಏನಾಗಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಿ.