ಬ್ರಿಟಿಷ್ ಸೀರಿಯಲ್‌ಗಳನ್ನು ಅಮೆರಿಕದವರು ಮತ್ತೆ ಮಾಡಿದಾಗ ಯಾಕೆ ಸಪ್ಪೆ ಅನ್ನಿಸುತ್ತದೆ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾಗಿದ್ದು 'ಬ್ರಾಡ್‌ಚರ್ಚ್'. 2013ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಎಂಟು ಕಂತುಗಳಲ್ಲಿ ಬಂದ ಕೊಲೆಯ ಕಥೆ. ಮರುವರ್ಷವೇ ಅಮೆರಿಕದ ಫಾಕ್ಸ್ ಚಾನೆಲ್ ಅದನ್ನು 'ಗ್ರೇಸ್‌ಪಾಯಿಂಟ್' ಅಂತ ಮತ್ತೆ ಮಾಡಿತು. ನಾನು ಎರಡನ್ನೂ ಒಂದರ ಹಿಂದೆ ಒಂದು ನೋಡಿದ್ದೇನೆ. ಪತ್ತೇದಾರ ಎರಡರಲ್ಲೂ ಅದೇ ಡೇವಿಡ್ ಟೆನ್ನಂಟ್. ಮೂಲ ಬರೆದ ಕ್ರಿಸ್ ಚಿಬ್ನಲ್ ಅವರೇ ಮೊದಲ ಕಂತು ಬರೆದುಕೊಟ್ಟರು. ಆದರೂ ಒಂದೇ ಸೀಸನ್‌ಗೆ ನಿಂತುಹೋಯಿತು.

ಮೂಲದ ಮೊದಲ ಕಂತಿನಲ್ಲಿ ಒಂದು ದೃಶ್ಯ ಬರುತ್ತದೆ. ಹುಡುಗ ಸತ್ತಿದ್ದಾನೆ, ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಬೆಳಗ್ಗೆ ಪೇಟೆ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ ಹೋಗುತ್ತಾನೆ. ಕ್ಯಾಮೆರಾ ಎಲ್ಲೂ ಕಟ್ ಆಗದೆ ಅವನ ಜೊತೆಗೇ ಸಾಗುತ್ತದೆ. ಆಮೇಲೆ ನಾವು ಅನುಮಾನ ಪಡುವುದು ಅದೇ ಮುಖಗಳ ಮೇಲೆ! ಅಮೆರಿಕದವರು ಈ ನಡಿಗೆಯನ್ನೂ ಹಾಗೇ ತೆಗೆದರು. ಆದರೆ ಊರು ಬರಲಿಲ್ಲ.

ಚಿಬ್ನಲ್ ವಾಸ ಡಾರ್ಸೆಟ್‌ನ ಬ್ರಿಡ್‌ಪೋರ್ಟ್‌ನಲ್ಲಿ. ಕಥೆಯ ಕಡಲು, ಹಳದಿ ಬಂಡೆ ಎಲ್ಲ ಪಕ್ಕದ ವೆಸ್ಟ್ ಬೇಯವು. ತಾನು ದಿನಾ ನೋಡುವ ಜಾಗಕ್ಕೆ ಬರೆದ ಕಥೆ ಅದು. ಗ್ರೇಸ್‌ಪಾಯಿಂಟ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ ಅಂತ ಕಥೆ, ಚಿತ್ರೀಕರಣ ಕೆನಡಾದಲ್ಲಿ. ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ ಸಾಮಾನ್ಯ ಪೊಲೀಸರ ಹತ್ತಿರ ಬಂದೂಕು ಇರುವುದಿಲ್ಲ. ಮೂಲದಲ್ಲಿ ಒಲಿವಿಯಾ ಕೋಲ್ಮನ್ ಮಾಡಿದ 'ಎಲ್ಲೀ ಮಿಲ್ಲರ್' ಅನ್ನುವ ಪೊಲೀಸ್ ಪಾತ್ರ ಪಕ್ಕದ ಮನೆಯವಳ ಹಾಗೆ ಒಳಗೆ ಬಂದು ಕೂರುತ್ತಾಳೆ. ಸೊಂಟದಲ್ಲಿ ಬಂದೂಕು ಇಟ್ಟುಕೊಂಡವರು ಬಂದು ಕೂತರೆ ಅದೇ ಸಲುಗೆ ಹುಟ್ಟುವುದು ಕಷ್ಟ ಅಲ್ವಾ?

ಮೇಲಾಗಿ ಎಂಟು ಕಂತನ್ನು ಹತ್ತಕ್ಕೆ ಎಳೆದರು. ಬೆನ್ನಿಗೆ ಚೀಲ ಹಾಕಿಕೊಂಡು ಅಲೆಯುವ ಹೊರಗಿನವನೊಬ್ಬನನ್ನು ತಂದು ಅನುಮಾನ ಹುಟ್ಟಿಸಿದರು. ನನಗೆ ತುಂಬಾ ಬೇಜಾರಾಗಿದ್ದು ಇಲ್ಲೇ. ನಮ್ಮವರೇ ಯಾರೋ ಮಾಡಿದ್ದಾರೆ ಅನ್ನುವ ಸಂಕಟವೇ ಈ ಕಥೆಯ ಜೀವ. ಹೊರಗಿನವನು ಬಂದ ಕೂಡಲೇ ಅದು ಸಡಿಲವಾಯಿತು.

'ಲೈಫ್ ಆನ್ ಮಾರ್ಸ್' ಕೂಡ ಹಾಗೇ. ಈ ಕಾಲದ ಪೊಲೀಸನೊಬ್ಬ 1973ರಲ್ಲಿ ಎಚ್ಚರಗೊಳ್ಳುವ ಕಥೆ. ಬಿಬಿಸಿಯವರು 16 ಕಂತಿಗೆ ಮುಗಿಸಿದರು, ಅದರ 1973ರ ಮ್ಯಾಂಚೆಸ್ಟರ್ ಈಗಲೂ ನನ್ನ ಕಣ್ಣ ಮುಂದಿದೆ. ಅಮೆರಿಕದ ಎಬಿಸಿಯವರು ಅದನ್ನು ನ್ಯೂಯಾರ್ಕ್‌ಗೆ ಒಯ್ದರು. 17ನೇ ಕಂತಿಗೆ ನಿಲ್ಲಿಸಬೇಕಾಗಿ ಬಂದಾಗ, ನಾಯಕ ಮಂಗಳ ಗ್ರಹಕ್ಕೆ ಹೊರಟ ನೌಕೆಯಲ್ಲಿ ಎಚ್ಚರಗೊಂಡ ಅಂತ ಮುಗಿಸಿದರು.

ಆದರೆ ಅಮೆರಿಕದವರ 'ಶೇಮ್‌ಲೆಸ್' ಗೆದ್ದಿತು, 11 ಸೀಸನ್ ಓಡಿತು. ಮೂಲ ಮ್ಯಾಂಚೆಸ್ಟರಿನ ಬಡವರ ಬಡಾವಣೆಯದು. ಅಮೆರಿಕದವರು ಮೊದಮೊದಲು ಅದನ್ನೇ ಹಿಡಿದುಕೊಂಡು ಹೊರಟರು, ಬರುಬರುತ್ತ ಚಿಕಾಗೋದ ಸೌತ್ ಸೈಡ್ ಆ ಕಥೆಯನ್ನು ತನ್ನದು ಮಾಡಿಕೊಂಡಿತು. ಚಳಿಗಾಲ ದಾಟಿಸಲು ಕಥೆಯ ಗ್ಯಾಲಗರ್ ಮನೆಯ ಮಕ್ಕಳು ಬೇಸಿಗೆಯಿಂದಲೇ ಚಿಲ್ಲರೆ ಕೂಡಿಡುತ್ತಾರೆ, ಅಳಿಲಿನ ಹಾಗೆ. ಆ ಚಳಿ ಚಿಕಾಗೋದ್ದೇ.